ವಿಶ್ವವಿದ್ಯಾಲಯದ ಸುದ್ದಿ ಮೂಲದಿಂದಲೇ ಮನೆಗೆ ಬರಲಿ



ಈ ವರ್ಷ ಎಷ್ಟು ಹಣ ಬಂತು, ಎಷ್ಟು ಮಕ್ಕಳಿಗೆ ಹೋಯಿತು ಎಂಬ ಲೆಕ್ಕ ಈ ವರದಿಯ ಬೇರೆ ಪುಟಗಳಲ್ಲಿದೆ. ಲೆಕ್ಕದ ಪುಟದಲ್ಲಿ ಕಾಣದ ಒಂದು ನಷ್ಟದ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಅದು ಸುದ್ದಿ ತಡವಾಗಿ ತಲುಪುವುದರಿಂದ ಆಗುವ ನಷ್ಟ.

ವಸಂತಪುರದ ನಮ್ಮ ಒಬ್ಬ ವಿದ್ಯಾರ್ಥಿನಿಯ ತಂದೆ ಆಟೋ ಓಡಿಸುತ್ತಾರೆ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ಯಾವುದೆಂದು ಆಕೆ ತಿಳಿದದ್ದು ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಒಂದು ಫೋಟೋದಿಂದ. ಫೋಟೋದ ಮೇಲ್ಭಾಗ ಕತ್ತರಿಸಿ ಹೋಗಿತ್ತು, ಇಸವಿ ಕಾಣುತ್ತಿರಲಿಲ್ಲ. ಅದು ಹಿಂದಿನ ವರ್ಷದ ಸುತ್ತೋಲೆ ಎಂದು ಗೊತ್ತಾಗುವಷ್ಟರಲ್ಲಿ ಈ ವರ್ಷದ ದಿನಾಂಕ ದಾಟಿತ್ತು. ಶುಲ್ಕದ ಜೊತೆಗೆ ದಂಡವನ್ನೂ ಕಟ್ಟಬೇಕಾಯಿತು. ಆ ದಂಡ ಹೋದದ್ದು ನೀವು ಕೊಟ್ಟ ಹಣದಿಂದಲೇ. ಅದರಲ್ಲಿ ಇನ್ನೊಂದು ಮಗುವಿಗೆ ಪುಸ್ತಕ ಬರುತ್ತಿತ್ತು. "ನಮಗೆ ಯಾರೂ ಹೇಳಲೇ ಇಲ್ಲ ಸಾಹೇಬ್ರೇ" ಎಂದರು ಅವಳ ಅಬ್ಬಾ. ಅವರ ಮಾತು ನಿಜ. ಸರಿಯಾದ ಸುತ್ತೋಲೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಮೊದಲೇ ಇತ್ತು ಎಂಬುದೂ ನಿಜ.

ಸುದ್ದಿಯನ್ನು ಇನ್ನೊಬ್ಬರು ಕಳುಹಿಸಲಿ ಎಂದು ಕಾಯದೆ, ಮೂಲದಿಂದಲೇ ನೇರವಾಗಿ ಪಡೆಯುವ ಹಳೆಯ, ಸರಳವಾದ ದಾರಿಯೊಂದಿದೆ. ಅದಕ್ಕೆ ಹಣ ಬೇಡ. ಅದರ ಹೆಸರು ವೆಬ್ ಫೀಡ್.

ಫೀಡ್ ಎಂದರೇನು?

ಬೆಳಿಗ್ಗೆ ಪೇಪರ್ ಹುಡುಗ ಮನೆಮನೆಗೆ ಪೇಪರ್ ಹಾಕುವುದನ್ನು ನೆನೆಸಿಕೊಳ್ಳಿ. ನಾವು ಪ್ರೆಸ್ಸಿಗೆ ಹೋಗುವುದಿಲ್ಲ, ಹೊಸ ಸಂಚಿಕೆ ಬಾಗಿಲಿಗೆ ಬರುತ್ತದೆ. ಅದೇ ರೀತಿ ಅನೇಕ ಜಾಲತಾಣಗಳು ತಮ್ಮಲ್ಲಿ ಹೊಸದಾಗಿ ಏನು ಸೇರಿತು ಎಂಬ ಪಟ್ಟಿಯೊಂದನ್ನು ಇಟ್ಟಿರುತ್ತವೆ. ಶೀರ್ಷಿಕೆ, ದಿನಾಂಕ, ಪೂರ್ತಿ ಓದಲು ಕೊಂಡಿ, ಇಷ್ಟೇ ಅದರಲ್ಲಿರುವುದು. ಈ ಪಟ್ಟಿಯೇ ಫೀಡ್. ನಮ್ಮ ಫೋನಿನಲ್ಲಿರುವ ‘ಫೀಡ್ ರೀಡರ್’ ಎಂಬ ಆ್ಯಪ್ ಆ ಪಟ್ಟಿಯನ್ನು ಆಗಾಗ ನೋಡಿ, ಹೊಸದೇನಾದರೂ ಇದ್ದರೆ ನಮ್ಮ ಮುಂದೆ ತಂದಿಡುತ್ತದೆ.

ಇದು 1999ರಲ್ಲಿ ಆರಂಭವಾದ ವ್ಯವಸ್ಥೆ. ಆರ್‌ಎಸ್‌ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದಲೂ, ಕಿತ್ತಳೆ ಬಣ್ಣದ ಸಣ್ಣ ಚಿಹ್ನೆಯಿಂದಲೂ ಇದನ್ನು ಗುರುತಿಸುತ್ತಾರೆ. 2013ರ ಜುಲೈನಲ್ಲಿ ಗೂಗಲ್ ತನ್ನ ಫೀಡ್ ರೀಡರನ್ನು ಮುಚ್ಚಿದಾಗ ಫೀಡ್‌ಗಳ ಕಾಲ ಮುಗಿಯಿತು ಎಂದು ಹಲವರು ತಿಳಿದರು. ಆದರೆ ಫೀಡ್‌ಗಳು ಉಳಿದಿವೆ. ಫೀಡ್ಲಿ, ಇನೋರೀಡರ್ ಮುಂತಾದ ರೀಡರ್‌ಗಳು ಇಂದಿಗೂ ಉಚಿತವಾಗಿ ಸಿಗುತ್ತವೆ.

ವಾಟ್ಸ್‌ಆ್ಯಪ್ ಗುಂಪಿಗೂ ಇದಕ್ಕೂ ಏನು ವ್ಯತ್ಯಾಸ? ಗುಂಪಿನಲ್ಲಿ ಸುದ್ದಿ ಹತ್ತು ಕೈ ದಾಟಿ ಬರುತ್ತದೆ. ಯಾರು ಬರೆದರು, ಯಾವಾಗ ಬರೆದರು ಎಂಬುದು ದಾರಿಯಲ್ಲಿ ಕಳೆದುಹೋಗುತ್ತದೆ. ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಲ್ಯಾಪ್‌ಟಾಪ್ ಎಂಬ ಸುಳ್ಳು ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಕೇಂದ್ರ ಸರ್ಕಾರದ ಪ್ರೆಸ್ ಇನ್ಫರ್ಮೇಷನ್ ಬ್ಯೂರೋ 2019ರಲ್ಲಿ ಆರಂಭಿಸಿದ ಫ್ಯಾಕ್ಟ್ ಚೆಕ್ ಘಟಕ ಇಂತಹ ಸಂದೇಶಗಳನ್ನು ಸುಳ್ಳೆಂದು ಹಲವು ಬಾರಿ ಸಾರಿದೆ. ಫೀಡಿನಲ್ಲಿ ಬಂದ ಸುದ್ದಿಗೆ ಒಡೆಯರು ಯಾರೆಂದು ಗೊತ್ತಿರುತ್ತದೆ, ಜೊತೆಗೆ ದಿನಾಂಕವಿರುತ್ತದೆ, ಒತ್ತಿದರೆ ಮೂಲ ಪುಟವೇ ತೆರೆಯುತ್ತದೆ.

ಮೊದಲು ನಿಮ್ಮ ವಿಶ್ವವಿದ್ಯಾಲಯ ಯಾವುದೆಂದು ನೋಡಿ

ಇದು ಸಣ್ಣ ಮಾತಲ್ಲ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾಯಿತು. ಮೂರರಲ್ಲಿ ಒಂದಾದ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾಲಯವಾಯಿತು, ಈಚೆಗೆ ಅದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡಲಾಗಿದೆ. ಅಣ್ಣ ಬರೆದ ಪರೀಕ್ಷೆ ಒಂದು ವಿಶ್ವವಿದ್ಯಾಲಯದ್ದು, ತಂಗಿ ಬರೆಯುವುದು ಇನ್ನೊಂದರದ್ದು ಆಗಿರಬಹುದು. ಎಂಜಿನಿಯರಿಂಗ್ ಓದುವ ಬಹಳಷ್ಟು ಮಕ್ಕಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರುತ್ತಾರೆ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಪದವಿಯ ಬಹಳಷ್ಟು ಮಕ್ಕಳಿಗೆ ಪರೀಕ್ಷೆ ನಡೆಸುವುದು ನಮ್ಮ ಜಯನಗರ 4ನೇ ಟಿ ಬ್ಲಾಕಿನಲ್ಲೇ ಇರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಹಾಲ್ ಟಿಕೆಟ್ ಅಥವಾ ಅಂಕಪಟ್ಟಿಯ ತಲೆಯ ಮೇಲೆ ಯಾವ ಹೆಸರಿದೆಯೋ ಆ ತಾಣದ ಸುದ್ದಿ ಮಾತ್ರ ನಿಮ್ಮದು.

ಹೊಂದಿಸುವುದು ಹೇಗೆ?

1. ಫೋನಿನಲ್ಲಿ ಒಂದು ಫೀಡ್ ರೀಡರ್ ಹಾಕಿಕೊಳ್ಳಿ.

2. ವಿಶ್ವವಿದ್ಯಾಲಯದ ತಾಣದಲ್ಲಿ ಸುತ್ತೋಲೆ ಅಥವಾ ಅಧಿಸೂಚನೆಗಳ ಪುಟ ತೆರೆದು, ಅದರ ವಿಳಾಸವನ್ನು ಕಾಪಿ ಮಾಡಿ ರೀಡರಿನ ಹುಡುಕು ಪಟ್ಟಿಯಲ್ಲಿ ಹಾಕಿ. ಫೀಡ್ ಇದ್ದರೆ ಹೆಚ್ಚಿನ ರೀಡರ್‌ಗಳು ತಾವೇ ಪತ್ತೆ ಹಚ್ಚುತ್ತವೆ.

3. ಎಲ್ಲ ತಾಣಗಳಲ್ಲೂ ಫೀಡ್ ಇರುವುದಿಲ್ಲ. ಆಗ ಆ ಸಂಸ್ಥೆಗೆ ಯೂಟ್ಯೂಬ್ ಚಾನೆಲ್ ಇದೆಯೇ ನೋಡಿ. ಪ್ರತಿ ಯೂಟ್ಯೂಬ್ ಚಾನೆಲ್ಲಿಗೂ ಒಂದು ಫೀಡ್ ಇರುತ್ತದೆ, ಚಾನೆಲ್ಲಿನ ವಿಳಾಸವನ್ನೂ ರೀಡರಿಗೆ ಹಾಕಬಹುದು. ದಿನಪತ್ರಿಕೆಯೊಂದರ ಶಿಕ್ಷಣ ವಿಭಾಗದ ಫೀಡನ್ನೂ ಸೇರಿಸಿ.

4. ಐದಾರು ಫೀಡ್ ಸಾಕು. ಐವತ್ತು ಸೇರಿಸಿದರೆ ಒಂದನ್ನೂ ಓದುವುದಿಲ್ಲ.

5. ಫೀಡ್ ಇಲ್ಲದ ತಾಣಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ವಾರಕ್ಕೊಮ್ಮೆ ತೆರೆದು ನೋಡಿ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್ ಮತ್ತು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣ ಆ ಚೀಟಿಯಲ್ಲಿ ಇರಲೇಬೇಕು.

ದಿನಾಂಕ ದಾಟಿದರೆ ಏನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. 10 ಮತ್ತು 12ನೇ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜೀ ವಿದ್ಯಾರ್ಥಿವೇತನ ವರ್ಷಕ್ಕೆ ₹30,000 ಕೊಡುತ್ತದೆ. ಇದಕ್ಕೆ ಅರ್ಜಿ ಹಾಕಲು ಇರುವುದು ಕೆಲವೇ ವಾರ. ನಮ್ಮ ಟ್ರಸ್ಟ್ ಒಂದು ಮಗುವಿಗೆ ಕೊಡಬಲ್ಲ ನೆರವಿಗೆ ಮಿತಿಯಿದೆ. ಇಂತಹ ಬಾಗಿಲು ತೆರೆದ ದಿನವೇ ಗೊತ್ತಾದರೆ ಆ ಮಗುವಿಗೆ ಎರಡು ಕಡೆಯ ಆಸರೆ ಸಿಗುತ್ತದೆ. ಗೊತ್ತಾಗದಿದ್ದರೆ ಭಾರವೆಲ್ಲ ದಾನಿಗಳ ಮೇಲೆ ಬೀಳುತ್ತದೆ.

ಓದಲಾಗದವರಿಗೆ ಕೇಳುವ ದಾರಿ

ನಮ್ಮ ಅನೇಕ ಮನೆಗಳಲ್ಲಿ ಮಾತು ಉರ್ದುವಿನಲ್ಲಿ, ಮಕ್ಕಳ ಓದು ಕನ್ನಡದಲ್ಲಿ, ವಿಶ್ವವಿದ್ಯಾಲಯದ ಸುತ್ತೋಲೆ ಇಂಗ್ಲಿಷಿನಲ್ಲಿ. ದಿನವಿಡೀ ಆಟೋ ಓಡಿಸುವ ತಂದೆಗೆ, ಹೊಲಿಗೆ ಯಂತ್ರದ ಮುಂದೆ ಕೂತ ತಾಯಿಗೆ ಸುತ್ತೋಲೆ ಓದಲು ಪುರಸೊತ್ತಿಲ್ಲ. ಕಿವಿ ಮಾತ್ರ ಬಿಡುವಾಗಿರುತ್ತದೆ. ಅವರಿಗೆ ಪಾಡ್‌ಕಾಸ್ಟ್ ಒಳ್ಳೆಯದು.

ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ, ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ. ಒಳಗಿರುವುದು ಅದೇ ಫೀಡ್, ಬರಹದ ಬದಲು ಧ್ವನಿಯ ಕಡತ ಜೋಡಿಸಿರುತ್ತಾರೆ. ಆದ್ದರಿಂದ ಇದೂ ತಾನಾಗಿ ಬಂದು ಸೇರುತ್ತದೆ. ಆಂಡ್ರಾಯ್ಡ್ ಫೋನಿಗೆ ‘ಆಂಟೆನಾಪಾಡ್’ ಎಂಬ ಉಚಿತ, ಜಾಹೀರಾತಿಲ್ಲದ ಆ್ಯಪ್ ಇದೆ. ವೈಫೈ ಇರುವ ಕಡೆ ಇಳಿಸಿಕೊಂಡರೆ ದೊಡ್ಡಕಲ್ಲಸಂದ್ರದಲ್ಲಿ ಮೆಟ್ರೋ ಹತ್ತಿ ಜಯನಗರದಲ್ಲಿ ಇಳಿಯುವುದರೊಳಗೆ ಡೇಟಾ ಖರ್ಚಿಲ್ಲದೆ ಒಂದಿಷ್ಟು ಕೇಳಬಹುದು.

ಏನು ಕೇಳಬೇಕು? ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳು ಸಿಗುತ್ತವೆ. ಜೈನ್ ವಿಶ್ವವಿದ್ಯಾಲಯದ ಸಮುದಾಯ ರೇಡಿಯೊ ‘ರೇಡಿಯೊ ಆ್ಯಕ್ಟಿವ್’ 2007ರಿಂದ 90.4ರಲ್ಲಿ ಬರುತ್ತಿದೆ. ಅಜೀಂ ಪ್ರೇಮ್‌ಜೀ ವಿಶ್ವವಿದ್ಯಾಲಯವೂ ತನ್ನ ರೇಡಿಯೊ ಮೂಲಕ ಪಾಡ್‌ಕಾಸ್ಟ್‌ಗಳನ್ನು ಹೊರತರುತ್ತದೆ. ವಿಜ್ಞಾನ, ಇತಿಹಾಸ, ಸಮಾಜದ ವಿಷಯಗಳನ್ನು ಕನ್ನಡದಲ್ಲೇ ಹರಟೆಯಂತೆ ಕೇಳಬೇಕೆಂದರೆ ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್ ಇದೆ.

ಒಂದು ಎಚ್ಚರಿಕೆ. ಯಾವ ಕೋರ್ಸ್ ಯಾರಿಗೆ ಒಳ್ಳೆಯದು, ಕೌನ್ಸೆಲಿಂಗ್ ಹೇಗೆ ನಡೆಯುತ್ತದೆ ಎಂದು ತಿಳಿಯಲು ಪಾಡ್‌ಕಾಸ್ಟ್ ಕೇಳಿ. ಕೊನೆಯ ದಿನಾಂಕವನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. ಧ್ವನಿ ಮುದ್ರಿಸಿದ ಮೇಲೆ ದಿನಾಂಕ ಬದಲಾಗಿರಬಹುದು. ದಿನಾಂಕಕ್ಕೆ ಸುತ್ತೋಲೆಯೇ ಸಾಕ್ಷಿ.

ಫೀಡ್ ಸುದ್ದಿ ತರುತ್ತದೆ, ಅರ್ಜಿಯನ್ನು ನಾವೇ ತುಂಬಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಅಂಕಪಟ್ಟಿಗಳನ್ನು ಸುದ್ದಿ ಬರುವ ಮುನ್ನವೇ ಒಂದು ಕಡೆ ಇಟ್ಟುಕೊಳ್ಳಿ. ಸುದ್ದಿ ಸಮಯಕ್ಕೆ ಬಂದರೂ ಕಾಗದಕ್ಕಾಗಿ ಓಡಾಡುವುದರಲ್ಲೇ ದಿನ ಕಳೆದವರನ್ನೂ ನಾವು ನೋಡಿದ್ದೇವೆ.

ಈ ಬಾರಿ ಅರ್ಜಿ ಕೊಡಲು ಅಥವಾ ನವೀಕರಿಸಲು ಬರುವ ಕುಟುಂಬಗಳು ದಯವಿಟ್ಟು ಫೋನನ್ನೂ ಜೊತೆಗೆ ತನ್ನಿ. ಮಗುವಿನ ವಿಶ್ವವಿದ್ಯಾಲಯ ಯಾವುದೆಂದು ನೋಡಿ, ಫೀಡ್ ರೀಡರನ್ನು ಅಲ್ಲೇ ಕೂತು ಹೊಂದಿಸಿ ಕೊಡುತ್ತೇವೆ. ಮೊದಲು ಹೇಳಿದ ಆ ವಿದ್ಯಾರ್ಥಿನಿಯೇ ಈ ಕೆಲಸಕ್ಕೆ ಕೈಜೋಡಿಸಲು ಒಪ್ಪಿದ್ದಾಳೆ. ಈಗ ಅವಳ ಫೋನಿಗೆ ಗುಂಪಿನಿಂದ ಯಾವ ಫೋಟೋ ಬಂದರೂ ಅವಳು ಕೇಳುವುದು ಒಂದೇ ಪ್ರಶ್ನೆ: "ಇದರ ಮೂಲ ಎಲ್ಲಿದೆ, ದಿನಾಂಕ ಯಾವುದು?" ನಮ್ಮ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಈ ಪ್ರಶ್ನೆ ಕೇಳುವಂತಾಗಲಿ.