ಬೈಕಿನಲ್ಲಿ ದಿನಕ್ಕೆ ಎಷ್ಟು ದೂರ?

ಗೌರಿ-ಗಣೇಶ, ದೀಪಾವಳಿ ಬಂತೆಂದರೆ ಬಸ್ಸು, ರೈಲುಗಳಲ್ಲಿ ಜಾಗ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅನೇಕ ಯುವಕರು ಆಗ ಬೈಕಿನಲ್ಲೇ ಊರಿಗೆ ಹೊರಡುತ್ತಾರೆ. ‘ಹುಬ್ಬಳ್ಳಿ ನಾನೂರು ಕಿಲೋಮೀಟರ್ ತಾನೆ? ಸಂಜೆ ಕೆಲಸ ಮುಗಿಸಿ ಹೊರಟರೆ ಬೆಳಗಾಗುವಷ್ಟರಲ್ಲಿ ಮನೆ ಸೇರಬಹುದು’ ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಓಡಿಸುವವರ ದೇಹದ ದಣಿವು ಸೇರಿರುವುದಿಲ್ಲ.

ದಣಿವಿಗೆ ಕಾರಣ

ಕಾರಿನಲ್ಲಿ ಕುಳಿತವರಿಗೆ ಬೆನ್ನಿಗೆ ಆಸರೆ ಇದೆ. ಬೈಕ್ ಸವಾರರು ತಮ್ಮ ಸ್ನಾಯುಗಳ ಬಲದಿಂದಲೇ ನೆಟ್ಟಗೆ ಕುಳಿತಿರಬೇಕು. ಬೆನ್ನುಮೂಳೆಯ ಕಶೇರುಗಳ ನಡುವಿನ ಮೆತ್ತನೆಯ ಬಿಲ್ಲೆಗಳು ರಸ್ತೆಯ ಕುಲುಕಾಟವನ್ನು ಹೀರಿಕೊಳ್ಳುತ್ತವೆ. ಗಂಟೆಗಟ್ಟಲೆ ಇದು ಮುಂದುವರಿದರೆ ಸೊಂಟ ನೋವು ಶುರುವಾಗುತ್ತದೆ. ಎಂಜಿನ್ನಿನ ಕಂಪನದಿಂದ ಬೆರಳುಗಳು ಜೋಮು ಹಿಡಿಯುತ್ತವೆ. ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಬೀಸುವ ಗಾಳಿ ಬೆವರನ್ನು ಆಗಿಂದಾಗ್ಗೆ ಆರಿಸುವುದರಿಂದ ದೇಹದಲ್ಲಿ ನೀರು ಕಡಿಮೆಯಾದದ್ದೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ನಿದ್ರೆ. ಬೆಳಿಗ್ಗೆ 6ಕ್ಕೆ ಎದ್ದವರು ರಾತ್ರಿ 11ಕ್ಕೆ 17 ಗಂಟೆ ಎಚ್ಚರವಿದ್ದಂತಾಯಿತು. ಆ ಹೊತ್ತಿಗೆ ಮಿದುಳಿನ ಚುರುಕು, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗಿರುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ ಮಾತ್ರ! ಅಂದರೆ ಮದ್ಯ ಮುಟ್ಟದವರೂ ಕುಡಿದವರಂತೆಯೇ ಓಡಿಸುತ್ತಿರುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಬೈಕು 50 ಮೀಟರ್ ಸಾಗಿರುತ್ತದೆ.

ಹಾಗಾದರೆ ಮಿತಿ ಎಷ್ಟು?

ಕಿಲೋಮೀಟರ್ ಬದಲು ಗಂಟೆಗಳನ್ನು ಎಣಿಸಿ. ಬಸ್ಸು, ಲಾರಿ ಚಾಲಕರಿಗೆ ದಿನಕ್ಕೆ 8 ಗಂಟೆಯ ಕೆಲಸದ ಮಿತಿಯನ್ನು ಕಾನೂನು 1961ರಲ್ಲೇ ಹಾಕಿತು. ಬೈಕ್ ಸವಾರರು ಅದಕ್ಕಿಂತ ಕಡಿಮೆ, ಸೀಟಿನ ಮೇಲೆ ಆರು ಗಂಟೆಗೆ ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಬೈಕಿನಲ್ಲಿ ಊರು, ಉಬ್ಬು ದಾಟುತ್ತಾ ಹೋದರೆ ಇದು ಸುಮಾರು 250 ಕಿ.ಮೀ. ಆಗುತ್ತದೆ. ಹೊಸಬರು, ಐವತ್ತು ದಾಟಿದವರು, ಹಿಂದೆ ಒಬ್ಬರನ್ನು ಕೂರಿಸಿಕೊಂಡವರು, ಘಾಟಿ ರಸ್ತೆಯಲ್ಲಿ ಹೋಗುವವರು 150 ಕಿ.ಮೀ.ಗೆ ನಿಲ್ಲಿಸುವುದು ಕ್ಷೇಮ. ಹುಬ್ಬಳ್ಳಿಗೆ ಹೋಗುವವರು ಸರಿಸುಮಾರು ಅರ್ಧ ದಾರಿಯ ಚಿತ್ರದುರ್ಗದಲ್ಲಿ ರಾತ್ರಿ ತಂಗಿ, ಮರುದಿನ ಮುಂದುವರಿಯಬಹುದು.

ಪಾಲಿಸಬೇಕಾದ ಕ್ರಮಗಳು

* ಹಿಂದಿನ ರಾತ್ರಿ ಏಳೆಂಟು ಗಂಟೆ ನಿದ್ರೆ ಮಾಡಿ, ಬೆಳಕು ಹರಿದ ಮೇಲೆ ಹೊರಡಿ. ರಾತ್ರಿ 2ರಿಂದ 6 ಮತ್ತು ಮಧ್ಯಾಹ್ನ 2ರಿಂದ 4ರ ಹೊತ್ತು ತೂಕಡಿಕೆಯ ಸಮಯ.

* ಒಂದೂವರೆ ಗಂಟೆಗೊಮ್ಮೆ ಇಳಿದು ಹದಿನೈದು ನಿಮಿಷ ನಡೆದಾಡಿ, ನೀರು ಕುಡಿಯಿರಿ.

* ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ನಿದ್ರೆ ತರಿಸುತ್ತವೆ. ವೈದ್ಯರನ್ನು ಕೇಳದೆ ಅವನ್ನು ನುಂಗಿ ಹೊರಡಬೇಡಿ.

* ಮಧುಮೇಹಕ್ಕೆ ಔಷಧಿ ಸೇವಿಸುವವರು ಊಟ ತಪ್ಪಿಸಬಾರದು.

* ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ದಾಟಿದ ಊರು ನೆನಪಿಗೆ ಬಾರದಿರುವುದು: ಇವು ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಚಹಾ ನಿದ್ರೆಯನ್ನು ಮುಂದೂಡುತ್ತದೆಯೇ ಹೊರತು ನೀಗಿಸುವುದಿಲ್ಲ. ಇಪ್ಪತ್ತು ನಿಮಿಷ ಮಲಗುವುದು ಅದಕ್ಕಿಂತ ಮೇಲು.

ನಿತ್ಯ ಬೈಕ್ ಓಡಿಸುವವರಿಗೆ ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಬೆರಳ ಜೋಮು ರಾತ್ರಿಯೂ ಕಾಡಿದರೆ ವೈದ್ಯರಿಗೆ ತೋರಿಸಬೇಕು.

ಮನೆಯವರಿಗೂ ಒಂದು ಮಾತು. ‘ಎಲ್ಲಿದ್ದೀಯ? ಪೂಜೆಗೆ ಹೊತ್ತಾಯಿತು’ ಎಂದು ದಾರಿಯಲ್ಲಿರುವ ಮಗನಿಗೆ ಮತ್ತೆ ಮತ್ತೆ ಫೋನ್ ಮಾಡಬೇಡಿ. ‘ರಾತ್ರಿ ಅಲ್ಲೇ ಉಳಿದುಕೊಂಡು ಬೆಳಿಗ್ಗೆ ನಿಧಾನವಾಗಿ ಬಾರಪ್ಪ’ ಎನ್ನಿ. ಹಬ್ಬದೂಟ ಒಂದು ಹೊತ್ತು ತಡವಾದರೆ ನಷ್ಟವೇನಿಲ್ಲ.