ಕೆಮರಾ ರಿಪೇರಿಗೆ ಕೊಡುವ ಮುನ್ನ ಕಾರ್ಡ್ ಹೊರಗೆ ತೆಗೆಯಿರಿ

ಕನ್ನಡ ಸಂಘಗಳ ಕಚೇರಿಯ ಕಪಾಟಿನಲ್ಲಿ, ಪದಾಧಿಕಾರಿಗಳ ಮನೆಯ ಷೋಕೇಸಿನಲ್ಲಿ ಇಂದಿಗೂ ಒಂದೆರಡು ಹಳೆಯ ಡಿಜಿಟಲ್ ಕೆಮರಾಗಳು ಉಳಿದುಕೊಂಡಿವೆ. 2000ರ ದಶಕದಲ್ಲಿ ರಾಜ್ಯೋತ್ಸವ, ಯಕ್ಷಗಾನ, ತಾಳಮದ್ದಳೆ, ಅರಸಿನ ಕುಂಕುಮ, ವಿದ್ಯಾರ್ಥಿ ವೇತನ ವಿತರಣೆ ಮುಂತಾದ ಕಾರ್ಯಕ್ರಮಗಳನ್ನೆಲ್ಲ ಸೆರೆಹಿಡಿದ ಕೆಮರಾಗಳಿವು. ಮೊಬೈಲಿನಲ್ಲೇ ಒಳ್ಳೆಯ ಫೋಟೋ ಬರುವಂತಾದ ಮೇಲೆ ಮೂಲೆ ಸೇರಿದವು. ಇದೀಗ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಹಳೆಯ ಫೋಟೋ ಬೇಕೆಂದಾಗ, ಅಥವಾ ಹಳೆ ಕೆಮರಾದ ಗೀಳು ಹಿಡಿದ ಕಾಲೇಜು ಮಕ್ಕಳು ಕಪಾಟು ತಡಕಿದಾಗ ಇವು ಹೊರಗೆ ಬರುತ್ತಿವೆ. ಆದರೆ ಗುಂಡಿ ಒತ್ತಿದರೆ ಕೆಮರಾ ಏಳುವುದಿಲ್ಲ. ಎದ್ದರೂ ಏನೋ ಒಂದು ತಪ್ಪು ಸಂದೇಶ ತೋರಿಸಿ ಮಲಗಿಬಿಡುತ್ತದೆ.

ಹಾಳಾಯಿತೆಂದು ನೇರವಾಗಿ ರಿಪೇರಿಗೆ ಒಯ್ಯುವುದು ಸಾಮಾನ್ಯ ರೂಢಿ. ಆದರೆ ಕೊನಿಕಾ ಮಿನೋಲ್ಟಾ 2006ರಲ್ಲಿ ಕೆಮರಾ ವ್ಯವಹಾರವನ್ನೇ ಬಿಟ್ಟಿತು. ಕೊಡಕ್ ಕಂಪನಿ 2012ರಲ್ಲಿ ಡಿಜಿಟಲ್ ಕೆಮರಾ ತಯಾರಿಕೆಯಿಂದ ಹಿಂದೆ ಸರಿಯಿತು. ಕ್ಯಾಸಿಯೋ 2018ರಲ್ಲಿ ಪುಟ್ಟ ಕೆಮರಾಗಳನ್ನು ನಿಲ್ಲಿಸಿತು. ಒಲಿಂಪಸ್ 2021ರ ಜನವರಿಯಲ್ಲಿ ತನ್ನ ಕೆಮರಾ ವಿಭಾಗವನ್ನು ಬೇರೆಯವರಿಗೆ ವಹಿಸಿಕೊಟ್ಟಿತು. ಬಿಡಿಭಾಗ ಸಿಗುವುದೇ ಕಷ್ಟವಾಗಿರುವಾಗ ರಿಪೇರಿಯ ಖರ್ಚು ಕೆಮರಾದ ಬೆಲೆಯನ್ನೇ ಮೀರಬಹುದು. ಹೀಗಾಗಿ ಖರ್ಚಿಲ್ಲದ ಪರೀಕ್ಷೆಗಳನ್ನು ಮನೆಯಲ್ಲೇ ಮುಗಿಸಿ, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತುವುದು ಲೇಸು.

ಮೊದಲು ಫೋಟೋ, ಆಮೇಲೆ ಕೆಮರಾ

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಮೆಮೊರಿ ಕಾರ್ಡನ್ನು ಹೊರಗೆ ತೆಗೆಯುವುದು. ಕೆಮರಾ ಪೂರ್ತಿ ಸತ್ತಿದ್ದರೂ ಕಾರ್ಡಿನೊಳಗಿನ ಫೋಟೋಗಳು ಸಾಯುವುದಿಲ್ಲ. ಕಾರ್ಡ್ ರೀಡರ್ ಎಂಬ ಸಣ್ಣ ಸಾಧನದ ಮೂಲಕ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಹಳೆಯ ಒಲಿಂಪಸ್, ಫ್ಯೂಜಿ ಕೆಮರಾಗಳಲ್ಲಿ ಎಕ್ಸ್‌ಡಿ ಕಾರ್ಡ್, ಸೋನಿಯಲ್ಲಿ ಮೆಮೊರಿ ಸ್ಟಿಕ್ ಬಳಕೆಯಲ್ಲಿತ್ತು. ಎಲ್ಲ ರೀಡರ್‌ಗಳೂ ಇವನ್ನು ಓದುವುದಿಲ್ಲ. ಹಲವು ಬಗೆಯ ಕಾರ್ಡ್ ಹಿಡಿಸುವ ರೀಡರ್ ಕೇಳಿ ತೆಗೆದುಕೊಳ್ಳಬೇಕು.

ಕಾರ್ಡಿನಲ್ಲಿ ಫೋಟೋಗಳು ಉಳಿದಿರುವುದು ಸೂಕ್ಷ್ಮ ವಿದ್ಯುತ್ ಆವೇಶದ ರೂಪದಲ್ಲಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಈ ಆವೇಶ ನಿಧಾನವಾಗಿ ಸೋರಿಹೋಗುವ ಸಾಧ್ಯತೆಯಿದೆ. ಇಪ್ಪತ್ತು ವರ್ಷಗಳ ಹಿಂದಿನ ಕಾರ್ಡ್ ಕೈಗೆ ಸಿಕ್ಕಿದರೆ ಇನ್ನೊಂದು ಭಾನುವಾರಕ್ಕೆಂದು ಮುಂದೂಡುವುದು ಬೇಡ.

ಇನ್ನೊಂದು ಮುಖ್ಯ ಎಚ್ಚರಿಕೆ. ಪರದೆಯ ಮೇಲೆ "ಕಾರ್ಡ್ ಫಾರ್ಮ್ಯಾಟ್ ಮಾಡಬೇಕೇ?" ಎಂಬ ಪ್ರಶ್ನೆ ಬಂದರೆ ಬೇಡವೆಂದೇ ಒತ್ತಬೇಕು. ಅವಸರದಲ್ಲಿ ಹೌದೆಂದು ಒತ್ತಿದ್ದರೂ ಕೂಡಲೇ ಎದೆಗುಂದಬೇಕಾಗಿಲ್ಲ. ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಪುಸ್ತಕದ ಪರಿವಿಡಿಯಂಥ ಪಟ್ಟಿ ಮಾತ್ರ, ಒಳಗಿನ ಪುಟಗಳಲ್ಲ. ಆ ಕಾರ್ಡಿನಲ್ಲಿ ಹೊಸದಾಗಿ ಒಂದೂ ಫೋಟೋ ತೆಗೆಯದೆ ಇಟ್ಟರೆ ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದ ಬಹಳಷ್ಟು ಫೋಟೋಗಳನ್ನು ಮರಳಿ ಪಡೆಯಲು ಸಾಧ್ಯ.

ಕಾರ್ಡ್ ಖಾಲಿ ಎಂದು ಕಂಡರೆ ಕೆಮರಾದ ಒಳ ಮೆಮೊರಿಯನ್ನೂ ನೋಡಬೇಕು. ಅನೇಕ ಪುಟ್ಟ ಕೆಮರಾಗಳಲ್ಲಿ ಕಾರ್ಡಿಲ್ಲದೆಯೂ ಕೆಲವು ಫೋಟೋ ಹಿಡಿಸುವಷ್ಟು ಜಾಗ ಇರುತ್ತದೆ. ಕಾರ್ಡ್ ಹೊರಗೆ ತೆಗೆದು ಕೆಮರಾ ಚಾಲೂ ಮಾಡಿದರೆ ಅವು ಕಾಣಿಸುತ್ತವೆ. ರಿಪೇರಿಯಲ್ಲಿ ಒಳಗಿನ ಬೋರ್ಡ್ ಬದಲಾದರೆ ಇವು ಹೋದಂತೆಯೇ ಸರಿ.

ಸೆಲ್‌ಗಳ ತಕರಾರು

ಕೆಮರಾ ಚಾಲೂ ಆಗದಿದ್ದರೆ ಮೊದಲ ಸಂಶಯ ಸೆಲ್ ಮೇಲೆ. ಡಿಜಿಟಲ್ ಕೆಮರಾ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಗಡಿಯಾರಕ್ಕೆ, ಟಿವಿ ರಿಮೋಟಿಗೆ ಹಾಕುವ ಅಗ್ಗದ ಸೆಲ್ ಹೊಸದಾಗಿದ್ದರೂ ಇದನ್ನು ತಾಳಿಕೊಳ್ಳುವುದಿಲ್ಲ. ಲೆನ್ಸ್ ಅರ್ಧ ಹೊರಬಂದು ಕೆಮರಾ ನಿಂತುಹೋಗುತ್ತದೆ. ಆಲ್ಕಲೈನ್ ಸೆಲ್ ತುಸು ಹೊತ್ತು ನಡೆಸೀತು. ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳೇ ಇದಕ್ಕೆ ಸರಿ. ಹಳೆ ಬಗೆಯ ಇಂಥ ಸೆಲ್‌ಗಳನ್ನು ಚಾರ್ಜ್ ಮಾಡಿ ತಿಂಗಳೆರಡು ತಿಂಗಳು ಹಾಗೇ ಇಟ್ಟರೆ ತಾವಾಗಿಯೇ ಬಹುಪಾಲು ಇಳಿದಿರುತ್ತವೆ. ಆದ್ದರಿಂದ ಪರೀಕ್ಷೆಗೆ ಮುನ್ನ ಹೊಸದಾಗಿ ಚಾರ್ಜ್ ಮಾಡಬೇಕು. ಹಳೆಯದು ಹೊಸದು ಬೆರೆಸಿ ಹಾಕಬಾರದು.

ಸೆಲ್ ಇಡುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಎಂದರ್ಥ. ಕಿವಿಗೆ ಬಳಸುವ ಹತ್ತಿಯ ಕಡ್ಡಿಗೆ ತುಸುವೇ ವಿನೆಗರ್ ತಾಗಿಸಿ ಲೋಹದ ತುದಿಗಳನ್ನು ಒರೆಸಿ, ಒಣ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಬೇಕು. ಪುಡಿ ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಬರೇ ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಸಾಕು. ಮುಚ್ಚಳದ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೂ ಮುಚ್ಚಳ ತೆರೆದಿದೆಯೆಂದು ತಿಳಿದು ಕೆಮರಾ ಚಾಲೂ ಆಗುವುದಿಲ್ಲ. ಚಪ್ಪಟೆ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬಾರದು, ಒತ್ತಿ ತುರುಕಲೂಬಾರದು. ಬೆಂಕಿಯ ಅಪಾಯವಿದೆ.

ಪ್ರತಿ ಸಲ ತಾರೀಕು ಅಳಿಸಿಹೋಗುವುದೂ ಅನೇಕ ವೇಳೆ ದೊಡ್ಡ ದೋಷವಲ್ಲ. ಗಡಿಯಾರ ನಡೆಸುವ ಒಳಗಿನ ಸಣ್ಣ ಬ್ಯಾಟರಿ ಬರಿದಾಗಿರುತ್ತದೆ. ಚಾರ್ಜ್ ಇರುವ ಸೆಲ್ ಹಾಕಿ ಒಂದು ದಿನ ಇಟ್ಟರೆ ಹೆಚ್ಚಿನ ಕೆಮರಾಗಳಲ್ಲಿ ಇದು ಮತ್ತೆ ತುಂಬಿಕೊಳ್ಳುತ್ತದೆ.

ಹೊಸ ಕಾರ್ಡ್, ಹಳೆ ಕೆಮರಾ

ಅಂಗಡಿಯಿಂದ 32 ಜಿಬಿಯ ಹೊಸ ಕಾರ್ಡ್ ತಂದು ಹಳೆ ಕೆಮರಾಕ್ಕೆ ಹಾಕಿ, ಕೆಮರಾ ಕೆಟ್ಟಿದೆಯೆಂದು ತೀರ್ಮಾನಿಸುವುದು ತೀರಾ ಸಾಮಾನ್ಯ. ಮೊದಲ ಪೀಳಿಗೆಯ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. ಅದಕ್ಕಿಂತ ಹೆಚ್ಚು, 32 ಜಿಬಿ ತನಕ ಹಿಡಿಸುವ ಎಸ್‌ಡಿಎಚ್‌ಸಿ ಕಾರ್ಡ್ ಬಂದದ್ದು 2006ರಲ್ಲಿ. ಅದಕ್ಕೂ ಮೊದಲಿನ ಕೆಮರಾ ಹೊಸ ಕಾರ್ಡನ್ನು ಗುರುತಿಸದೆ ಕಾರ್ಡ್ ದೋಷ ಎಂದು ತೋರಿಸುತ್ತದೆ. 2 ಜಿಬಿ ಅಥವಾ ಅದಕ್ಕಿಂತ ಕಡಿಮೆಯ ಕಾರ್ಡ್ ಹಾಕಿ ನೋಡಿದರೆ ಸಮಸ್ಯೆ ಬಗೆಹರಿದೀತು.

ಕಾರ್ಡಿನ ಎಡ ಅಂಚಿನಲ್ಲಿ ಬೀಗದಂತೆ ಕೆಲಸ ಮಾಡುವ ಪುಟ್ಟ ಜಾರುಗುಂಡಿ ಇದೆ. ಕಾರ್ಡ್ ತೂರಿಸುವಾಗ ಅದು ಕೆಳಗೆ ಜಾರಿದರೆ ಫೋಟೋ ದಾಖಲಾಗುವುದಿಲ್ಲ, ಅಳಿಸಲೂ ಆಗುವುದಿಲ್ಲ. ಬೆರಳ ತುದಿಯಿಂದ ಮೇಲಕ್ಕೆ ಸರಿಸಿದರೆ ಮುಗಿಯಿತು.

ಲೆನ್ಸ್ ಸಿಕ್ಕಿಕೊಂಡಾಗ

ಹೊರಚಾಚುವ ಲೆನ್ಸ್ ಅರ್ಧದಲ್ಲೇ ನಿಂತರೆ ಅದಕ್ಕೆ ಧೂಳು, ಮರಳು, ಪೆಟ್ಟು ಅಥವಾ ಮೇಲೆ ಹೇಳಿದಂತೆ ಬಳಲಿದ ಸೆಲ್ ಕಾರಣ. ಜುಹೂ ಕಿನಾರೆಗೆ ಹೋಗಿಬಂದ ಕೆಮರಾದಲ್ಲಿ ಒಂದು ಮರಳ ಕಣ ಸಾಕು. ಸೆಲ್ ತೆಗೆದು, ಲೆನ್ಸನ್ನು ಕೆಳಮುಖವಾಗಿ ಹಿಡಿದು, ಕೈಯಿಂದ ಒತ್ತುವ ರಬ್ಬರ್ ಬುರುಡೆಯಿಂದ ಸುತ್ತಲ ಸಂದಿಗೆ ಗಾಳಿ ಊದಬೇಕು. ಬಾಯಿಯಿಂದ ಊದಿದರೆ ಎಂಜಲು ಹಾರಿ ಗಾಜಿಗೆ ಅಂಟುತ್ತದೆ. ಬಳಿಕ ಪೂರ್ತಿ ಚಾರ್ಜ್ ಆದ ಸೆಲ್ ಹಾಕಿ, ಕೆಳಮುಖವಾಗಿಯೇ ಚಾಲೂ ಮಾಡಿ ನೋಡಬಹುದು. ಲೆನ್ಸನ್ನು ಎಳೆಯುವುದು, ತಿರುಚುವುದು ಸಲ್ಲದು. ಒಳಗಿನ ಹಲ್ಲುಚಕ್ರ ಮುರಿದರೆ ಸಣ್ಣ ರಿಪೇರಿಯೂ ದೊಡ್ಡದಾಗುತ್ತದೆ.

ಯಾವ ಕಾರಣಕ್ಕೂ ತಿರುಪು ಬಿಚ್ಚಿ ಕೆಮರಾದ ಹೊಟ್ಟೆ ತೆರೆಯಬಾರದು. ಫ್ಲ್ಯಾಶ್‌ಗಾಗಿ ಒಳಗಿರುವ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ತುಂಬಿರುತ್ತದೆ. ಸೆಲ್ ತೆಗೆದ ಮೇಲೂ ಅದು ಉಳಿದಿರುತ್ತದೆ. ಕೈ ತಾಗಿದರೆ ಜೋರಾದ ಆಘಾತ ಖಂಡಿತ.

ದೋಷ ಕೆಮರಾದ್ದೇ ಆಗಬೇಕೆಂದಿಲ್ಲ

ಸಭಾಗೃಹದ ಹತ್ತನೇ ಸಾಲಿನಲ್ಲಿ ಕುಳಿತು ತೆಗೆದ ಯಕ್ಷಗಾನದ ಫೋಟೋ ಕಪ್ಪಾಗಿ ಬಂದರೆ ಕೆಮರಾವನ್ನು ದೂರುವಂತಿಲ್ಲ. ಪುಟ್ಟ ಕೆಮರಾದ ಫ್ಲ್ಯಾಶ್ ಬೆಳಕು ಹೆಚ್ಚೆಂದರೆ ಮೂರು ನಾಲ್ಕು ಮೀಟರ್ ತಲಪುತ್ತದೆ. ಮುಂದಿನ ಸಾಲಿನವರ ತಲೆ ಬೆಳ್ಳಗೆ, ಹಿಂದಿನ ರಂಗಸ್ಥಳ ಕತ್ತಲೆ. ಫ್ಲ್ಯಾಶ್ ನಿಲ್ಲಿಸಿ, ಕೆಮರಾವನ್ನು ಸ್ಟ್ಯಾಂಡಿನ ಮೇಲೋ ಕುರ್ಚಿಯ ಬೆನ್ನಿನ ಮೇಲೋ ಅಲುಗದಂತೆ ಇಟ್ಟು ತೆಗೆದರೆ ರಂಗದ ದೀಪಗಳ ಬೆಳಕಿನಲ್ಲೇ ವೇಷ ಚೆನ್ನಾಗಿ ಮೂಡುತ್ತದೆ. ಮಳೆಗಾಲದ ರಾತ್ರಿಯ ಫೋಟೋಗಳಲ್ಲಿ ಕಾಣುವ ಬಿಳಿಯ ದುಂಡು ಚುಕ್ಕೆಗಳು ಫ್ಲ್ಯಾಶ್ ಬೆಳಕು ಬಿದ್ದ ನೀರ ಹನಿ ಅಥವಾ ಧೂಳು. ದೂರದ್ದೆಲ್ಲ ಮಸುಕಾದರೆ ಹೂವಿನ ಗುರುತಿನ ಸಮೀಪ ಚಿತ್ರಣ ಚಾಲೂ ಇದೆಯೇ ನೋಡಬೇಕು. ಮೆನುವಿನಲ್ಲಿರುವ ರೀಸೆಟ್ ಒತ್ತಿದರೆ ತಿಳಿಯದೆ ಬದಲಿಸಿದ ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗುತ್ತವೆ.

ಪರದೆ ಕಪ್ಪಾಗಿದ್ದರೆ ಒಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ನೋಡಬೇಕು. ಅಲ್ಲಿ ಫೋಟೋ ಸರಿಯಿದ್ದರೆ ತೊಂದರೆ ಪರದೆಯದ್ದು ಮಾತ್ರ. ಅಲ್ಲಿಯೂ ಕಪ್ಪು, ನೇರಳೆ ಬಣ್ಣ ಅಥವಾ ಗೆರೆಗಳು ಕಂಡರೆ ಸೆನ್ಸರ್ ಕೆಟ್ಟಿರಬಹುದು. 2005ರ ಅಕ್ಟೋಬರಿನಲ್ಲಿ ಕ್ಯಾನನ್, ನಿಕಾನ್, ಸೋನಿ ಸೇರಿ ಹಲವು ಕಂಪನಿಗಳು ಇದೇ ಲಕ್ಷಣದ ಕೆಮರಾಗಳಿಗೆ ಉಚಿತ ದುರಸ್ತಿ ಘೋಷಿಸಿದ್ದವು. ಸೋನಿ ತಯಾರಿಸಿದ ಸೆನ್ಸರಿನ ಒಳ ಸಂಪರ್ಕಗಳು ಸೆಕೆ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತಿದ್ದುದು ಕಾರಣ. ಆ ಕಾಲದ ಕೆಮರಾದಲ್ಲಿ ಈ ದೋಷ ಕಂಡರೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ತೇವದ ಊರಿನ ಕಾಯಿಲೆ

ಮುಂಬಯಿ, ಚೆನ್ನೈಯಂಥ ಕಡಲತಡಿಯ ನಗರಗಳಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಮಾಮೂಲು. ಟಾರ್ಚ್ ಬೆಳಕು ಹಾಯಿಸಿದರೆ ಜೇಡನ ಬಲೆಯಂತೆ ಕಾಣುತ್ತದೆ. ಒಳಗಿನ ಗಾಜಿಗೆ ಹಿಡಿದರೆ ಪರಿಣತರೇ ತೆಗೆಯಬೇಕು. ಚರ್ಮದ ಚೀಲದಲ್ಲಿ ಮುಚ್ಚಿಡುವುದರಿಂದ ಇದು ಹೆಚ್ಚುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಆಗಾಗ ಹೊರತೆಗೆದು ಬಳಸುತ್ತಿರಬೇಕು. ಎಸಿ ಸಭಾಗೃಹದಿಂದ ಹೊರಬರುವಾಗ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ತಂದು ಅರ್ಧ ಗಂಟೆ ಬಿಟ್ಟು ತೆರೆದರೆ ಗಾಜಿನ ಮೇಲೆ ಹಬೆ ಕೂರುವುದಿಲ್ಲ.

ಅಂಗಡಿಗೆ ಕೊಡುವಾಗ

ಇಷ್ಟಾದರೂ ಸರಿಯಾಗದಿದ್ದರೆ ರಿಪೇರಿಗೆ ಕೊಡಲೇಬೇಕು. ಮುಂಬಯಿ ಫೋರ್ಟಿನ ಬೋರಾ ಬಜಾರ್, ದಿಲ್ಲಿ ಚಾಂದನಿ ಚೌಕದ ಕೂಚಾ ಚೌಧರಿಯಂಥ ಕಡೆಗಳಲ್ಲಿ ಕೆಮರಾ ವ್ಯಾಪಾರವೇ ನೆಲೆಯಾಗಿದೆ. ಕಾರ್ಡ್, ಸೆಲ್, ಚೀಲ, ಪಟ್ಟಿ ಎಲ್ಲ ಮನೆಯಲ್ಲೇ ಉಳಿಸಿಕೊಂಡು ಬರೇ ಕೆಮರಾ ಕೊಡಬೇಕು. ಪರೀಕ್ಷೆಗೆ ಕಾರ್ಡ್ ಬೇಕೆಂದರೆ ಖಾಲಿ ಕಾರ್ಡ್ ಕೊಟ್ಟರಾಯಿತು. ದೋಷ ಯಾವಾಗ, ಹೇಗೆ ಕಾಣುತ್ತದೆ, ಮನೆಯಲ್ಲಿ ಏನೇನು ಪರೀಕ್ಷಿಸಲಾಗಿದೆ ಎಂಬುದನ್ನು ಕಾಗದದಲ್ಲಿ ಬರೆದು ಕೊಟ್ಟರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಉಳಿಯುತ್ತದೆ. ಖರ್ಚಿನ ಅಂದಾಜನ್ನು ಮೊದಲೇ ಲಿಖಿತವಾಗಿ ಕೇಳಬೇಕು. ಕೆಮರಾದ ಅಡಿಯಲ್ಲಿರುವ ಕ್ರಮಸಂಖ್ಯೆ ರಸೀದಿಯಲ್ಲಿ ಇರಲೇಬೇಕು. ಸೇವೆಯಲ್ಲಿ ಲೋಪವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಲು ಈ ರಸೀದಿಯೇ ಆಧಾರ.

ಕೆಮರಾ ರಿಪೇರಿಯಾಗದಿದ್ದರೆ ಇನ್ನೊಂದು ಸಿಗುತ್ತದೆ. ಅದರೊಳಗಿನ ರಾಜ್ಯೋತ್ಸವದ ಮೆರವಣಿಗೆ, ವೇದಿಕೆಯಲ್ಲಿದ್ದು ಈಗ ನಮ್ಮೊಂದಿಗಿಲ್ಲದ ಹಿರಿಯರು, ಅಂದು ಭರತನಾಟ್ಯ ಮಾಡಿದ ಪುಟ್ಟ ಮಕ್ಕಳು ಮತ್ತೆ ಸಿಗುವುದಿಲ್ಲ. ಸಂಘಗಳು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಒಬ್ಬರಿಗೆ ಈ ಕೆಲಸ ವಹಿಸಬಹುದು. ಸದಸ್ಯರ ಮನೆಗಳಲ್ಲಿರುವ ಹಳೆ ಕಾರ್ಡ್‌ಗಳನ್ನು ಒಟ್ಟುಮಾಡಿ, ಫೋಟೋಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ, ಇಸವಿ ಮತ್ತು ಹೆಸರುಗಳನ್ನು ಗುರುತಿಸಬಲ್ಲವರು ಇರುವಾಗಲೇ ಬರೆದಿಡಬೇಕು.