ಹಾಪ್ಸ್ ಹೂವಿನ ವ್ಯಾಪಾರ – ಒಂದೇ ಗಿರಾಕಿಯ ಬೆಳೆ

ಇವತ್ತು ನಮ್ಮ ಹೊಲದಲ್ಲಿ ಬೆಳೆಯದ ಒಂದು ಬೆಳೆಯ ವಿಚಾರ ಹೇಳಬೇಕೆಂದಿದ್ದೇನೆ. "ನಮ್ಮದಲ್ಲದ ಬೆಳೆ ನಮಗೇತಕ್ಕಪ್ಪಾ?" ಅಂತೀರಿ. ಕೊನೆಯವರೆಗೆ ಕೇಳಿ, ಆಮೇಲೆ ನೀವೇ ಹೇಳಿ.

ಈ ಬೆಳೆಯ ಹೆಸರು ಹಾಪ್ಸ್. ನಮ್ಮ ವೀಳ್ಯದೆಲೆಯಂತೆ ಇದೂ ಆಸರೆ ಹಿಡಿದು ಹಬ್ಬುವ ಬಳ್ಳಿ. ಕಂಬ ನೆಟ್ಟು ತಂತಿ ಕಟ್ಟಿಕೊಟ್ಟರೆ ಒಂದೇ ಬೇಸಿಗೆಯಲ್ಲಿ 20 ಅಡಿ ಏರುತ್ತದೆ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೆಲೆಯೆಲ್ಲ ಹೆಣ್ಣು ಬಳ್ಳಿಯ ಹೂವಿಗೆ. ಆ ಹೂವನ್ನು ಬಿಡಿಸಿ ನೋಡಿದರೆ ಒಳಗೆ ಅರಿಶಿನದಂಥ ಹಳದಿ ಪುಡಿ. ಬಿಯರಿಗೆ ಕಹಿ, ಪರಿಮಳ ಕೊಡುವುದೂ ಅದು ಬೇಗ ಕೆಡದಂತೆ ಕಾಯುವುದೂ ಈ ಪುಡಿಯೇ.

ಬೇಸಿಗೆಯಲ್ಲಿ ಹಗಲು ಬಹಳ ಉದ್ದವಿರಬೇಕು, ಚಳಿಗಾಲದಲ್ಲಿ ಒಳ್ಳೆಯ ಚಳಿ ಬೀಳಬೇಕು. ಆಗಲೇ ಈ ಬಳ್ಳಿ ಚೆನ್ನಾಗಿ ಫಲ ಕೊಡುವುದು. ಆದ್ದರಿಂದ ಇದರ ಸೀಮೆಗಳು ಕೆಲವೇ. ಜರ್ಮನಿಯ ಹಾಲರ್‌ಟೌ, ಅಮೆರಿಕದ ಯಾಕಿಮಾ ಕಣಿವೆ, ಚೆಕ್ ದೇಶದ ಜಾಟೆಟ್ಸ್ ಹೆಸರಾದವು. ಲೋಕದ ಹಾಪ್ಸಿನಲ್ಲಿ ಮುಕ್ಕಾಲು ಪಾಲಿನಷ್ಟು ಜರ್ಮನಿ, ಅಮೆರಿಕ ಎರಡೇ ದೇಶಗಳದ್ದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸ್ವಲ್ಪ ಬೆಳೆದದ್ದುಂಟು.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಕೊಯ್ಲು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದ ಮಾಡುವಂತೆ, ಈ ಹೂವನ್ನೂ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಆಮೇಲೆ ಒತ್ತಿ ಮೂಟೆ ಕಟ್ಟಿ, ಇಲ್ಲವೆ ಪುಡಿಮಾಡಿ ಸಣ್ಣ ಗುಳಿಗೆ ಮಾಡಿ, ತಂಪು ಉಗ್ರಾಣದಲ್ಲಿಟ್ಟು ಹಡಗಿನಲ್ಲಿ ದೇಶದೇಶಕ್ಕೆ ಕಳಿಸುತ್ತಾರೆ.

ಇನ್ನು ಬೆಲೆಯ ಮಾತು. 100 ಲೀಟರ್ ಸಾಧಾರಣ ಬಿಯರಿಗೆ ಹಾಪ್ಸ್ ಬೇಕಾದದ್ದು ಒಂದೆರಡು ನೂರು ಗ್ರಾಂ, ಅಷ್ಟೆ. ಆದರೆ ಅದಿಲ್ಲದೆ ಆಗುವುದಿಲ್ಲ. ಹಾಗಾಗಿ ಹಾಪ್ಸ್ ಕೊರತೆಯಾದಾಗ ಕಾರ್ಖಾನೆಯವರು ಕೇಳಿದ ಬೆಲೆ ಕೊಡುತ್ತಾರೆ. ಹೆಚ್ಚಾದಾಗಲೋ, ಪುಕ್ಕಟೆ ಕೊಟ್ಟರೂ ಹೆಚ್ಚು ಕೊಳ್ಳರು. ರಾಗಿ ಮಾರದಿದ್ದರೆ ಮನೆಯವರು ಉಣ್ಣಬಹುದು, ಹುಲ್ಲು ದನಕ್ಕೆ ಹಾಕಬಹುದು. ಹಾಪ್ಸನ್ನು ಏನು ಮಾಡುವುದು, ಹೇಳಿ?

ಹೀಗೇ ಆಯಿತು ನೋಡಿ. 2006ಕ್ಕೆ ಮುಂಚೆ ಎಷ್ಟೋ ವರ್ಷ ದಾಸ್ತಾನು ತುಂಬಿ, ಬೆಲೆ ಕುಸಿದು, ಅಮೆರಿಕದಲ್ಲಿ ರೈತರು ಬಳ್ಳಿ ಕಿತ್ತು ಹಾಕಿದ್ದರು. ಆ ವರ್ಷ ಅಕ್ಟೋಬರಿನಲ್ಲಿ ಯಾಕಿಮಾದ ಒಂದು ಉಗ್ರಾಣಕ್ಕೆ ಬೆಂಕಿ ಬಿದ್ದು, ಆ ದೇಶದ ಫಸಲಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ಸುಟ್ಟುಹೋಯಿತು. ಯೂರೋಪಿನಲ್ಲೂ ಫಸಲು ಕುಗ್ಗಿತು. 2007–08ರಲ್ಲಿ ಬೆಲೆ ಹಲವು ಪಟ್ಟು ಏರಿತು. ಅದನ್ನು ಕಂಡು ಎಲ್ಲರೂ ನೆಟ್ಟರು. ಒಂದೆರಡು ವರ್ಷದಲ್ಲೇ ಮತ್ತೆ ದಾಸ್ತಾನು, ಮತ್ತೆ ಕುಸಿತ. ಆಮೇಲೆ ಪರಿಮಳದ ಹೊಸ ಬಿಯರುಗಳಿಗೆ ಗಿರಾಕಿ ಹೆಚ್ಚಿ, ಅಮೆರಿಕದ ಬೇಸಾಯ 2021ರಲ್ಲಿ ಸುಮಾರು 60 ಸಾವಿರ ಎಕರೆಗೆ ಬೆಳೆಯಿತು. ಬಿಯರಿನ ಮಾರಾಟ ನಿಧಾನವಾದ ಮೇಲೆ, 2024ರ ಹೊತ್ತಿಗೆ ಸುಮಾರು 45 ಸಾವಿರ ಎಕರೆಗೆ ಇಳಿಯಿತು. ಕಂಬ, ತಂತಿ, ಒಣಗಿಸುವ ಮನೆ ಎಲ್ಲಕ್ಕೂ ಹಣ ಸುರಿದವನ ಪಾಡೇನು?

ಅದಕ್ಕಾಗಿಯೇ ಹಾಪ್ಸ್ ಬೆಳೆಗಾರರಲ್ಲಿ ಹಲವರು ಫಸಲಿಗೆ ವರ್ಷಗಟ್ಟಲೆ ಮುಂಚೆ ವರ್ತಕರೊಡನೆ ಕರಾರು ಬರೆಸಿಕೊಳ್ಳುತ್ತಾರೆ. ಬೆಲೆ ಏರಿದಾಗ ಅವರಿಗೆ ಕೈ ತಪ್ಪಿದ್ದುಂಟು. ಬಿದ್ದಾಗ ಮನೆ ಉಳಿದದ್ದೂ ಉಂಟು.

ನಮ್ಮಲ್ಲೂ ರಫ್ತಿಗೆಂದು ಮಿಡಿಸೌತೆಯನ್ನು ಕರಾರಿನ ಮೇಲೆ ಬೆಳೆಯುವ ರೈತರಿದ್ದಾರೆ. ಅಂಥ ಬೆಳೆಗೆ ಕೈ ಹಾಕುವ ಮುಂಚೆ ನಾಲ್ಕು ಮಾತು ಕೇಳಿಕೊಳ್ಳಿ. ದರ ಕಾಗದದಲ್ಲಿ ಇದೆಯೇ? ಯಾವ ಗಾತ್ರದ ಕಾಯಿಗೆ ಎಷ್ಟು? ತಿರಸ್ಕರಿಸಿದ ಮಾಲಿನ ನಷ್ಟ ಯಾರಿಗೆ? ಹಣ ಯಾವ ದಿನ ಕೈಗೆ ಬರುತ್ತದೆ? ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಲಿ ಓದಿಸಿ, ಆಮೇಲೆ ರುಜು ಹಾಕಿ. ಇನ್ನೂ ಒಂದು ಮಾತು: ಇರುವ ಭೂಮಿಯನ್ನೆಲ್ಲ ಒಬ್ಬನೇ ಗಿರಾಕಿಯ ಬೆಳೆಗೆ ಕೊಡಬೇಡಿ. ಮನೆಯ ರಾಗಿಗೆ ಒಂದು ತುಂಡು ಜಮೀನು ಉಳಿಸಿಕೊಳ್ಳಿ.